ಮನೆಗೆ ಯಾವ ಪಿಸ್ತೂಲು ತಗೊಳ್ಳಲಿ?

ಪ್ರಶ್ನೆ: ಮೇಡಂ, ನಮಸ್ಕಾರ. ನಾವು ಡಲ್ಲಾಸ್ ಪಕ್ಕದ ಫ್ರಿಸ್ಕೋದಲ್ಲಿದ್ದೇವೆ. ಎರಡಂತಸ್ತಿನ ಸ್ವಂತ ಮನೆ. ನಾನು, ಹೆಂಡತಿ, 9 ಮತ್ತು 4 ವರ್ಷದ ಇಬ್ಬರು ಮಕ್ಕಳು. ಹೋದ ವರ್ಷ ನನಗೆ ಗ್ರೀನ್ ಕಾರ್ಡ್ ಬಂತು. ಬೇಸಿಗೆಯಲ್ಲಿ ಅಪ್ಪ-ಅಮ್ಮ ಶಿವಮೊಗ್ಗದಿಂದ ಬಂದು ಐದಾರು ತಿಂಗಳು ಇರುತ್ತಾರೆ. ನಮ್ಮ ಬಡಾವಣೆಯಲ್ಲಿ ಈಚೆಗೆ ಇಬ್ಬರು ಭಾರತೀಯರ ಮನೆಗೆ ಕಳ್ಳರು ನುಗ್ಗಿ ಚಿನ್ನ ಹೊತ್ತೊಯ್ದರು. ಅಂದಿನಿಂದ ಹೆಂಡತಿಗೆ ಸರಿಯಾಗಿ ನಿದ್ದೆ ಇಲ್ಲ. ಮನೆಗೊಂದು ಪಿಸ್ತೂಲು ಇರಲಿ ಅಂದುಕೊಂಡಿದ್ದೇವೆ. ಆಫೀಸಿನಲ್ಲಿ ಒಬ್ಬರು .45 ತಗೋ ಅಂತಾರೆ, ಇನ್ನೊಬ್ಬರು ಹೆಂಗಸರಿಗೆ ರಿವಾಲ್ವರೇ ಸರಿ ಅಂತಾರೆ. ಅಂಗಡಿಯವನು ಅಂಗೈಯಗಲದ ಪುಟ್ಟ ಪಿಸ್ತೂಲು ತೋರಿಸಿದ. ಊರಲ್ಲಿ ತಾತನ ಕೋವಿ ಹೊಡೆದು ಗೊತ್ತು, ಪಿಸ್ತೂಲು ಮುಟ್ಟಿಲ್ಲ. ಯಾವುದು ಒಳ್ಳೆಯದು?

ಉತ್ತರ: ಕೇಳಿದ್ದಕ್ಕೆ ಮೊದಲೇ ಹೇಳಿಬಿಡುತ್ತೇನೆ. 9 ಎಂಎಂ ಪಿಸ್ತೂಲು ತಗೊಳ್ಳಿ. (9 ಎಂಎಂ, .45 ಅನ್ನುವುದೆಲ್ಲ ಗುಂಡಿನ ಅಗಲದ ಅಳತೆ.) ಪುಟ್ಟದು ಬೇಡ, ಮಧ್ಯಮ ಅಳತೆಯದು ಇರಲಿ. ಯಾವ ಕಂಪನಿಯದು ಅನ್ನೋದನ್ನು ನಿಮ್ಮ ಹೆಂಡತಿಯ ಕೈ ತೀರ್ಮಾನ ಮಾಡಲಿ. ಒಂದೇ ಪಿಸ್ತೂಲನ್ನು ಇಬ್ಬರು ಬಳಸುವುದಾದರೆ ಅದು ಚಿಕ್ಕ ಕೈಯವರಿಗೆ ಒಗ್ಗಬೇಕು. ದೊಡ್ಡ ಕೈಯವರು ಚಿಕ್ಕ ಹಿಡಿಗೆ ಹೇಗೋ ಹೊಂದಿಕೊಳ್ಳುತ್ತಾರೆ. ಚಿಕ್ಕ ಕೈಗೆ ದೊಡ್ಡ ಹಿಡಿ ಒಗ್ಗುವುದೇ ಇಲ್ಲ. ನಿಮ್ಮ ಪತ್ರ ನೋಡಿದರೆ ಅಂಗಡಿಗೆ ನೀವೊಬ್ಬರೇ ಹೋಗಿಬಂದ ಹಾಗಿದೆ. ಮುಂದಿನ ಸಲ ಇಬ್ಬರೂ ಹೋಗಿ.

ಅದಕ್ಕೂ ಮೊದಲು ಕಾಗದಪತ್ರದ ವಿಷಯ. ಇದನ್ನು ನಮ್ಮವರಲ್ಲಿ ತುಂಬಾ ಜನ ಹಗುರವಾಗಿ ತಗೊಳ್ಳುತ್ತಾರೆ.

ಗ್ರೀನ್ ಕಾರ್ಡ್ ಬಂದವರು ಗನ್ ಕೊಳ್ಳಬಹುದು. ಅಂಗಡಿಯಲ್ಲಿ ಪಿಸ್ತೂಲು ಕೊಳ್ಳಲು 21 ವರ್ಷ ಆಗಿರಬೇಕು. 4473 ಅನ್ನುವ ಫಾರಂ ತುಂಬಬೇಕು, ಅದರಲ್ಲಿ ನಿಮ್ಮ ಕಾರ್ಡಿನ ಮೇಲಿರುವ ಏಲಿಯನ್ ನಂಬರ್ ಬರೆಯಬೇಕು. ಡ್ರೈವಿಂಗ್ ಲೈಸೆನ್ಸಿನಲ್ಲಿ ಈಗಿನ ಮನೆಯ ವಿಳಾಸವೇ ಇರಬೇಕು. ಅಪಾರ್ಟ್‌ಮೆಂಟಿನ ಹಳೇ ವಿಳಾಸ ಬದಲಾಯಿಸದೆ ಹೋಗಿ ಬರಿಗೈಲಿ ವಾಪಸ್ ಬಂದವರು ಬೇಕಾದಷ್ಟಿದ್ದಾರೆ. ಆಮೇಲೆ ಎಫ್‌ಬಿಐ ನಡೆಸುವ ತಪಾಸಣೆ. ಕೆಲವರಿಗೆ ಕೆಲವೇ ನಿಮಿಷದಲ್ಲಿ ಮುಗಿಯುತ್ತದೆ, ಕೆಲವರಿಗೆ 'ಡಿಲೇ' ಅಂತ ಬಂದು ಕೆಲವು ದಿನ ಕಾಯಬೇಕಾಗುತ್ತದೆ. ಅದಕ್ಕೆ ಗಾಬರಿ ಬೇಡ.

ಈಗ ಒಂದು ಪ್ರಶ್ನೆ. 'ನನಗೆ ಗ್ರೀನ್ ಕಾರ್ಡ್ ಬಂತು' ಅಂತ ಬರೆದಿದ್ದೀರಿ. ನಿಮ್ಮ ಹೆಂಡತಿಗೂ ಬಂದಿದೆಯಾ? ಅವರಿನ್ನೂ ಎಚ್-4 ವೀಸಾದಲ್ಲೇ ಇದ್ದರೆ ಇಲ್ಲಿಗೇ ನಿಲ್ಲಿಸಿ. ಎಚ್-1ಬಿ, ಎಚ್-4, ಎಲ್-1, ಎಫ್-1, ಬಿ-2 ಇಂಥ ತಾತ್ಕಾಲಿಕ ವೀಸಾದಲ್ಲಿ ಇರುವವರು ಗನ್ನನ್ನಾಗಲಿ ಗುಂಡನ್ನಾಗಲಿ ಇಟ್ಟುಕೊಳ್ಳುವ ಹಾಗಿಲ್ಲ. ಇದು ಫೆಡರಲ್ ಕಾನೂನು. ಟೆಕ್ಸಾಸ್ ಎಷ್ಟೇ ಸಡಿಲ ಇದ್ದರೂ ಇದಕ್ಕೆ ಸಂಬಂಧ ಇಲ್ಲ. ಗುಂಡು ಹೊಡೆದು ಅಭ್ಯಾಸ ಮಾಡುವ ರೇಂಜಿನಲ್ಲಿ ಬಾಡಿಗೆಗೆ ತಗೊಂಡು ಹೊಡೆಯುವುದೂ ಇದರಲ್ಲೇ ಬರುತ್ತದೆ. ವೀಕೆಂಡಿಗೆ ಗೆಳೆಯರೆಲ್ಲ ಸೇರಿ ರೇಂಜಿಗೆ ಹೋಗಿ ಫೋಟೋ ಹಾಕುವವರು ಇದನ್ನು ಗಮನಿಸಬೇಕು. ವಿನಾಯಿತಿಗಳಲ್ಲಿ ನಮ್ಮವರಿಗೆ ಉಪಯೋಗಕ್ಕೆ ಬರುವುದು ಒಂದು: ಯಾವುದಾದರೂ ರಾಜ್ಯದ, ಅವಧಿ ಮುಗಿಯದ ಬೇಟೆ ಲೈಸೆನ್ಸ್ ಇದ್ದರೆ ಈ ನಿಷೇಧ ತಟ್ಟುವುದಿಲ್ಲ. ಈ ದಾರಿ ಹಿಡಿಯುವವರು ಮೊದಲು ವಕೀಲರ ಹತ್ತಿರ ಒಂದು ಮಾತು ಕೇಳಲಿ. ಗನ್ನಿಗೆ ಸಂಬಂಧಿಸಿದ ಅಪರಾಧ ಸಾಬೀತಾದರೆ ಗ್ರೀನ್ ಕಾರ್ಡ್ ಇದ್ದವರನ್ನೂ ದೇಶದಿಂದ ಕಳಿಸಬಹುದು. ವೀಸಾದವರ ಪಾಡು ಹೇಳುವುದೇ ಬೇಡ.

ಇನ್ನೊಂದು ಸಂಗತಿ ಇದರ ಜೊತೆಗೇ ಬರುತ್ತದೆ. ನಿಮ್ಮ ಹತ್ತಿರ ಕಾರ್ಡಿದೆ ಅಂತ ಗೊತ್ತಾದ ಮೇಲೆ ಎಚ್-1ಬಿ ಗೆಳೆಯರೊಬ್ಬರು 'ನಿನ್ನ ಹೆಸರಲ್ಲಿ ನನಗೂ ಒಂದು ತಗೊಂಡುಕೊಡು ಮಾರಾಯ' ಅನ್ನಬಹುದು. ಆಗಲ್ಲ ಅಂದುಬಿಡಿ. 2022ರ ಕಾನೂನಿನ ಪ್ರಕಾರ ಬೇರೆಯವರಿಗಾಗಿ ಹೀಗೆ ಕೊಂಡುಕೊಟ್ಟರೆ 15 ವರ್ಷದ ತನಕ ಜೈಲು. ಸ್ನೇಹ ಕೆಡಬಹುದು, ಕೆಡಲಿ.

ಅಪ್ಪ-ಅಮ್ಮ ಬರುವುದು ಬಿ-2 ವೀಸಾದಲ್ಲಿ ತಾನೆ? ಅವರು ಇರುವಷ್ಟು ದಿನ ಪಿಸ್ತೂಲಿಡುವ ಪೆಟ್ಟಿಗೆಯ ಕೋಡ್ ಅವರಿಗೆ ಗೊತ್ತಿರಬಾರದು, ಬೀಗದ ಕೈ ಅವರ ಕೈಗೆ ಸಿಗಬಾರದು. 'ನಾವು ಆಫೀಸಿಗೆ ಹೋದಾಗ ಅಪ್ಪನಿಗೆ ಧೈರ್ಯಕ್ಕಿರಲಿ' ಅಂತ ತೋರಿಸಿಕೊಡಬೇಡಿ.

ಸರಿ, ಇನ್ನು ಕಳ್ಳರ ವಿಷಯ. ನಮ್ಮವರ ಮನೆಗಳನ್ನೇ ಹುಡುಕಿಕೊಂಡು ಬರುತ್ತಾರೆ ಅನ್ನುವ ನಿಮ್ಮ ಅನುಮಾನ ಸುಳ್ಳಲ್ಲ. 2011ರಿಂದ 2014ರ ತನಕ ಒಂದು ಗ್ಯಾಂಗು ಜಾರ್ಜಿಯಾ, ನ್ಯೂಯಾರ್ಕ್, ಓಹಾಯೋ, ಮಿಷಿಗನ್, ಟೆಕ್ಸಾಸ್ ಹೀಗೆ ರಾಜ್ಯ ರಾಜ್ಯ ಸುತ್ತಿ ಭಾರತ ಮತ್ತು ಏಷ್ಯಾ ಮೂಲದವರ ಮನೆಗಳನ್ನೇ ಆರಿಸಿ ದರೋಡೆ ಮಾಡಿತ್ತು. ಮನೆಯವರು ಒಳಗಿದ್ದಾಗಲೇ ನುಗ್ಗುತ್ತಿದ್ದರು. ಅದರ ಮುಖ್ಯಸ್ಥೆಗೆ 2019ರಲ್ಲಿ 37 ವರ್ಷ ಶಿಕ್ಷೆ ಆಯಿತು. ಅಂಥವರು ಬರುವುದು ಚಿನ್ನಕ್ಕೆ, ನಗದಿಗೆ. ಆದರೆ ನಿಮ್ಮ ಬಡಾವಣೆಯಲ್ಲಿ ಆಗಿರುವಂಥ ಕಳ್ಳತನಗಳಲ್ಲಿ ಬಹಳಷ್ಟು ನಡೆಯುವುದು ಮನೆಯಲ್ಲಿ ಯಾರೂ ಇಲ್ಲದಾಗ. ಆಗ ನಿಮ್ಮ ಪಿಸ್ತೂಲು ಮನೆ ಕಾಯುವುದಿಲ್ಲ. ಅದೂ ಕಳ್ಳನ ಪಾಲಾಗುತ್ತದೆ, ಅಷ್ಟೆ.

ಅದಕ್ಕೇ ಮೊದಲ ಖರ್ಚು ಬ್ಯಾಂಕ್ ಲಾಕರಿನದ್ದು. ಮಾಂಗಲ್ಯ, ದಿನಕ್ಕೆ ಹಾಕುವ ಬಳೆ, ಓಲೆ ಬಿಟ್ಟು ಉಳಿದ ಒಡವೆ ಎಲ್ಲ ಅಲ್ಲಿಗೆ ಹೋಗಲಿ. ಮನೆಯ ಇನ್ಶೂರೆನ್ಸು ಎಲ್ಲ ತುಂಬಿಕೊಡುತ್ತದೆ ಅಂದುಕೊಂಡಿದ್ದರೆ ಪಾಲಿಸಿ ತೆಗೆದು ನೋಡಿ. ಒಡವೆ ಕಳ್ಳತನಕ್ಕೆ ಸಾಮಾನ್ಯವಾಗಿ 1,500 ಡಾಲರ್ ಆಸುಪಾಸಿನ ಮಿತಿ ಇರುತ್ತದೆ. ಇವತ್ತಿನ ಚಿನ್ನದ ರೇಟಿಗೆ ಅದು ಒಂದು ಎಳೆ ಸರಕ್ಕೂ ಸಾಲದು. ಎರಡನೆಯದು ಬಾಗಿಲು. ಚಿಲಕ ಕೂರುವ ತಗಡಿನ ಪಟ್ಟಿಯನ್ನು ಬಿಲ್ಡರ್ ಮುಕ್ಕಾಲು ಇಂಚಿನ ಸ್ಕ್ರೂ ಹಾಕಿ ಬಿಟ್ಟಿರುತ್ತಾನೆ. ಒಂದು ಒದೆತಕ್ಕೆ ಚೌಕಟ್ಟು ಸೀಳುತ್ತದೆ. ಅದನ್ನು ತೆಗೆದು 3 ಇಂಚಿನ ಸ್ಕ್ರೂ ಹಾಕಿ, ಒಳಗಿನ ಮರದ ಕಂಬಕ್ಕೇ ಕಚ್ಚಲಿ. ಹತ್ತು ಡಾಲರಿನ ಕೆಲಸ. ಹಿತ್ತಲಿನ ಗಾಜಿನ ಬಾಗಿಲಿಗೆ ಅಡ್ಡಗೋಲು, ಗರಾಜಿನಿಂದ ಮನೆಯೊಳಕ್ಕೆ ಬರುವ ಬಾಗಿಲಿಗೆ ರಾತ್ರಿ ಬೀಗ. ಇಷ್ಟಾದ ಮೇಲೆ ಪಿಸ್ತೂಲಿನ ಮಾತು.

ಇನ್ನೂ ಒಂದು ವಿಷಯ ಇದೆ, ಹೇಳಲು ಕಷ್ಟ. ಅಮೆರಿಕದಲ್ಲಿ ಗನ್ನಿನಿಂದ ಸಾಯುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ತಮ್ಮನ್ನು ತಾವೇ ಹೊಡೆದುಕೊಂಡವರು. ಲೇಆಫ್, ಸಾಲ, ಒಂಟಿತನ ಇವೆಲ್ಲ ನಮ್ಮ ಮನೆಗಳಲ್ಲೂ ಇವೆ, ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೆ. ಮನೆಯಲ್ಲಿ ಯಾರಾದರೂ ಮಂಕಾಗಿದ್ದರೆ, ಖಿನ್ನತೆಗೆ ಔಷಧಿ ತಗೊಳ್ಳುತ್ತಿದ್ದರೆ ಈಗ ಗನ್ ಬೇಡ. 988 ಸಹಾಯವಾಣಿಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು. ನಿಮ್ಮ ಹೆಂಡತಿಗೆ ನಿದ್ದೆ ಇಲ್ಲ ಅಂದಿರಿ. ಅದು ಬರೀ ಕಳ್ಳರ ಭಯವಾ ಅಂತ ಕೂತು ಮಾತಾಡಿ, ಆಮೇಲೆ ಮುಂದುವರಿಯಿರಿ.

ಹೆಂಡತಿಗೂ ಕಾರ್ಡ್ ಬಂದಿದೆ ಅಂದುಕೊಂಡು ಈಗ ಅಂಗಡಿಗೆ ಹೋಗೋಣ.

ನಿಮ್ಮ ಹೆಂಡತಿಯ ಕೈಗೆ ಒಂದು ಖಾಲಿ ಪಿಸ್ತೂಲು ಕೊಡಿಸಿ. ಖಾಲಿ ಅಂತ ಅಂಗಡಿಯವನು ಸ್ಲೈಡ್, ಅಂದರೆ ಪಿಸ್ತೂಲಿನ ಮೇಲೆ ಹಿಂದಕ್ಕೆ ಜಾರುವ ಭಾಗ, ಎಳೆದು ತೋರಿಸುತ್ತಾನೆ. ನೀವೂ ಇಣುಕಿ ನೋಡಿ, ಹೆಂಡತಿಯೂ ನೋಡಲಿ. ಯಾರು ಕೊಟ್ಟರೂ, ಎಷ್ಟನೇ ಸಲ ಕೊಟ್ಟರೂ ಹೀಗೇ ನೋಡಬೇಕು. ಆಮೇಲೆ ಹಿಡಿಯ ಹಿಂಭಾಗದ ತುತ್ತತುದಿಗೆ ಹೆಬ್ಬೆರಳು ಮತ್ತು ತೋರುಬೆರಳಿನ ಸಂದು ಒತ್ತಿ ಕೂರಬೇಕು. ಪಿಸ್ತೂಲಿನ ನಳಿಕೆ, ಮಣಿಕಟ್ಟು, ಮೊಣಕೈ ಮೂರೂ ಒಂದೇ ಗೆರೆಯಲ್ಲಿ ಬರಬೇಕು. ಹೀಗೆ ಹಿಡಿದು ತೋರುಬೆರಳು ಚಾಚಿದರೆ ಬೆರಳಿನ ಮೊದಲ ಗಿಣ್ಣಿನ ಮುಂದಿನ ಮೆತ್ತನೆ ಭಾಗ ಟ್ರಿಗರ್ ಮೇಲೆ ಬರುತ್ತದಾ? ಬರೀ ಉಗುರಿನ ತುದಿ ತಾಗಿದರೆ, ಇಲ್ಲವೇ ಬೆರಳು ತಲುಪಿಸಲು ಹಿಡಿಯನ್ನೇ ಅಂಗೈಯಲ್ಲಿ ತಿರುಗಿಸಿಕೊಳ್ಳಬೇಕಾಗಿ ಬಂದರೆ ಆ ಪಿಸ್ತೂಲು ಅವರದಲ್ಲ. ಎಷ್ಟೇ ಹೆಸರು ಮಾಡಿರಲಿ, ವಾಪಸ್ ಕೊಡಿ.

ಮುಂದಿನದು ಸ್ಲೈಡ್. 'ಹೆಂಗಸರಿಗೆ ಸ್ಲೈಡ್ ಎಳೆಯಲು ಆಗಲ್ಲ, ರಿವಾಲ್ವರ್ ಕೊಡಿ' ಅನ್ನುವ ಮಾತು ಇಲ್ಲಿಂದಲೇ ಹುಟ್ಟಿದ್ದು. ನನ್ನ ಹತ್ತಿರ ಕಲಿಯಲು ಬರುವ ಹೆಂಗಸರು ಮೊದಲ ಸಲ ಹೆಬ್ಬೆರಳು-ತೋರುಬೆರಳಿನಲ್ಲಿ ಚಿವುಟಿದ ಹಾಗೆ ಹಿಡಿದು ಎಳೆಯುತ್ತಾರೆ. ಗಂಡಸರು ಎಳೆದರೂ ಹಾಗೆ ಕಷ್ಟವೇ. ಪಿಸ್ತೂಲನ್ನು ಎದೆಯ ಹತ್ತಿರ ತನ್ನಿ, ನಳಿಕೆ ಮಾತ್ರ ಗುರಿಯ ಕಡೆಗೇ ಇರಲಿ. ಎಡಗೈಯ ನಾಲ್ಕು ಬೆರಳೂ ಸ್ಲೈಡಿನ ಮೇಲೆ ಬಳಸಿ ಬಿಗಿಯಾಗಿ ಹಿಡಿಯಿರಿ. ಎಡಗೈ ಹಾಗೇ ನಿಂತಿರಲಿ, ಬಲಗೈಯಿಂದ ಪಿಸ್ತೂಲನ್ನು ಮುಂದಕ್ಕೆ ತಳ್ಳಿ. ಇಡೀ ಭುಜದ ಶಕ್ತಿ ಅದಕ್ಕೆ ಬರುತ್ತದೆ. ಮುಕ್ಕಾಲು ಜನರಿಗೆ ಅಲ್ಲಿಗೆ ಸಮಸ್ಯೆ ಮುಗಿಯುತ್ತದೆ. ಸಂಧಿವಾತ ಇರುವವರಿಗೆ, ಮಣಿಕಟ್ಟು ನೋವಿರುವವರಿಗೆ ಇನ್ನೂ ಕಷ್ಟ ಅನ್ನಿಸಿದರೆ ಮೆತ್ತನೆ ಸ್ಪ್ರಿಂಗಿನವು ಇವೆ. ಸ್ಮಿತ್ ಆ್ಯಂಡ್ ವೆಸನ್‌ನ ಶೀಲ್ಡ್ ಈಝಡ್ ಅಂಥದ್ದು. .380ರಲ್ಲೂ 9 ಎಂಎಂನಲ್ಲೂ ಸಿಗುತ್ತದೆ. ಮ್ಯಾಗಜೀನಿಗೆ, ಅಂದರೆ ಹಿಡಿಯೊಳಗೆ ಸೇರುವ ಗುಂಡಿನ ಡಬ್ಬಿಗೆ, ಗುಂಡು ತುಂಬುವುದೂ ಸುಲಭ, ಬೆರಳಿನಿಂದ ಕೆಳಗೆ ಒತ್ತಿಹಿಡಿಯಲು ಪಕ್ಕದಲ್ಲಿ ಗುಂಡಿ ಕೊಟ್ಟಿದ್ದಾರೆ.

ಅಂಗಡಿಯವನು ತೋರಿಸಿದ ಆ ಪುಟ್ಟ ಪಿಸ್ತೂಲು ಯಾಕೆ ಬೇಡ? ಅದು ಸೊಂಟದಲ್ಲಿ, ಪರ್ಸಿನಲ್ಲಿ ಬಚ್ಚಿಟ್ಟು ಒಯ್ಯಲು ಮಾಡಿದ್ದು. ನೀವು ಪೆಟ್ಟಿಗೆಯಲ್ಲಿ ಇಡುತ್ತೀರಿ, ಬಚ್ಚಿಡುವ ಮಾತೇ ಇಲ್ಲ. ಅದೇ ಗುಂಡು ಹಗುರ ಪಿಸ್ತೂಲಿನಲ್ಲಿ ಹಾರಿದರೆ ಜಾಸ್ತಿ ಒದೆಯುತ್ತದೆ. ಕಿರುಬೆರಳು ಹಿಡಿಯ ಕೆಳಗೆ ಜೋತಾಡುತ್ತದೆ, ನಳಿಕೆ ಮೇಲಕ್ಕೆ ಹಾರುತ್ತದೆ, ಎರಡನೇ ಗುಂಡಿಗೆ ಗುರಿ ಸಿಗುವುದಿಲ್ಲ. ನಾಲ್ಕು ಸಲ ಹೊಡೆದವರು ಐದನೇ ಸಲಕ್ಕೆ ಕಣ್ಣು ಮುಚ್ಚುತ್ತಾರೆ. ಆಮೇಲೆ ರೇಂಜಿಗೇ ಹೋಗುವುದಿಲ್ಲ. ಪುಟ್ಟದು ಅಂದರೆ ಹೆಂಗಸರಿಗೆ ಸಲೀಸು ಅನ್ನುವುದು ಗಾಜಿನ ಕೌಂಟರಿನ ಹಿಂದೆ ನಿಂತವರ ತಪ್ಪು ಲೆಕ್ಕ.

ರಿವಾಲ್ವರಿಗೂ ಇದೇ ಕಥೆ. ಅದರ ಗುಣ ನಾನು ಅಲ್ಲಗಳೆಯುವುದಿಲ್ಲ. ಮ್ಯಾಗಜೀನ್ ಇಲ್ಲ, ಸ್ಲೈಡ್ ಇಲ್ಲ, ಗುಂಡು ತುಂಬಿದೆಯೋ ಇಲ್ಲವೋ ತೆರೆದ ಕೂಡಲೇ ಕಾಣುತ್ತದೆ. ಮಣಿಕಟ್ಟು ಸಡಿಲ ಬಿಟ್ಟರೆ ಪಿಸ್ತೂಲು ಸಿಕ್ಕಿಹಾಕಿಕೊಳ್ಳಬಹುದು, ರಿವಾಲ್ವರಿಗೆ ಆ ತೊಂದರೆ ಇಲ್ಲ. ಆದರೆ ಅಂಗಡಿಯಲ್ಲಿ 'ಲೇಡೀಸ್ ರಿವಾಲ್ವರ್' ಅಂತ ಕೊಡುವುದು ಎರಡು ಇಂಚಿನ ನಳಿಕೆಯ, ಅರ್ಧ ಕೆಜಿಯೂ ತೂಗದ, ಐದು ಗುಂಡಿನ .38. ಗ್ಲಾಕ್ ಕಂಪನಿಯ ಪಿಸ್ತೂಲಿನ ಟ್ರಿಗರಿಗೆ ಐದೂವರೆ ಪೌಂಡಿನಷ್ಟು ಒತ್ತಡ ಸಾಕು. ಈ ಪುಟ್ಟ ರಿವಾಲ್ವರಿಗೆ ಹೆಚ್ಚುಕಡಿಮೆ ಅದರ ದುಪ್ಪಟ್ಟು ಬೇಕು. ಸ್ಲೈಡ್ ಎಳೆಯಲು ಕೈಯಲ್ಲಿ ಬಲ ಇಲ್ಲ ಅಂತ ಅದನ್ನು ಕೊಟ್ಟರೆ, ಪ್ರತಿ ಗುಂಡಿಗೂ ಒಂದೇ ಬೆರಳಿನಿಂದ ಅಷ್ಟು ಬಲ ಹಾಕು ಅಂದ ಹಾಗಾಯಿತು, ಅಲ್ವಾ? ರಿವಾಲ್ವರೇ ಬೇಕು ಅಂದರೆ ನಾಲ್ಕು ಇಂಚಿನ ನಳಿಕೆಯ, ಉಕ್ಕಿನ, ತೂಕದ ರಿವಾಲ್ವರ್ ನೋಡಿ. ರೂಗರ್ ಜಿಪಿ100 ತರಹದ್ದು. ಅದಕ್ಕೆ .357 ಗುಂಡೂ ಹಾಕಬಹುದು, ಆದರೆ ಮನೆಗೆ ಒದೆತ ಕಡಿಮೆ ಇರುವ .38 ಹಾಕಿಟ್ಟುಕೊಳ್ಳಿ.

.45 ಅಂದವರ ಮಾತಿಗೆ ಒಂದು ಇತಿಹಾಸ ಇದೆ. ಅಮೆರಿಕದ ಸೈನ್ಯ 1911ರಿಂದ 1985ರ ತನಕ .45 ಪಿಸ್ತೂಲನ್ನೇ ನೆಚ್ಚಿತ್ತು. ಆಮೇಲೆ 9 ಎಂಎಂ ಬೆರೆಟ್ಟಾಗೆ ಬದಲಾಯಿತು. ಮರುವರ್ಷವೇ, 1986ರ ಏಪ್ರಿಲ್ 11ರಂದು, ಮಯಾಮಿಯಲ್ಲಿ ಎಫ್‌ಬಿಐನವರಿಗೂ ಇಬ್ಬರು ದರೋಡೆಕೋರರಿಗೂ ಗುಂಡಿನ ಕಾಳಗ ಆಯಿತು. ಇಬ್ಬರು ಏಜೆಂಟರು ಸತ್ತರು. ದರೋಡೆಕೋರರಲ್ಲಿ ಒಬ್ಬನಿಗೆ ಬಿದ್ದ 9 ಎಂಎಂ ಗುಂಡು ಎದೆಯೊಳಗೆ ಹೋಗಿ ಹೃದಯ ಮುಟ್ಟುವ ಮೊದಲೇ ನಿಂತುಬಿಟ್ಟಿತ್ತು. ಅವನು ಹೊಡೆಯುತ್ತಲೇ ಇದ್ದ. ಅಂದಿನಿಂದ ಎಫ್‌ಬಿಐ ಗುಂಡುಗಳನ್ನು ಜೆಲಟಿನ್ ದಿಮ್ಮಿಗೆ ಹೊಡೆದು ನೋಡುವ ಪರೀಕ್ಷೆ ತಂದಿತು. ಕನಿಷ್ಠ 12 ಇಂಚು ಒಳಗೆ ಹೋಗಬೇಕು, 18 ಇಂಚು ದಾಟಬಾರದು. ಸ್ವಲ್ಪ ಕಾಲ 10 ಎಂಎಂ ನೋಡಿದರು, ಒದೆತ ತಾಳಲಾಗಲಿಲ್ಲ. 1990ರ ಹೊತ್ತಿಗೆ .40 ಬಂತು. ಇತ್ತ 9 ಎಂಎಂ ಗುಂಡು ತಯಾರಿಸುವವರು ಸುಮ್ನೆ ಕೂರಲಿಲ್ಲ, ಅದೇ ಪರೀಕ್ಷೆ ಪಾಸಾಗುವ ಗುಂಡು ಮಾಡಿದರು. 2016ರಲ್ಲಿ ಎಫ್‌ಬಿಐ ಮತ್ತೆ 9 ಎಂಎಂ ಗ್ಲಾಕ್‌ಗಳಿಗೇ ಗುತ್ತಿಗೆ ಕೊಟ್ಟಿತು. ಒದೆತ ಕಡಿಮೆ, ಗುಂಡು ಜಾಸ್ತಿ ಹಿಡಿಯುತ್ತದೆ, ಗುರಿಯೂ ಬೇಗ ಸಿಗುತ್ತದೆ. ನಿಮ್ಮ ಆಫೀಸಿನವರು .45ಕ್ಕೇ ಅಂಟಿಕೊಂಡಿರಲಿ. ಪ್ರಾಕ್ಟೀಸ್ ಗುಂಡಿನ ಬೆಲೆಯಲ್ಲೂ 9 ಎಂಎಂ ಅಗ್ಗ, ಒಂದಕ್ಕೆ 25ರಿಂದ 30 ಸೆಂಟ್. ನೂರು ಗುಂಡು ಹೊಡೆದು ಬಂದರೂ ಜೇಬು ಸುಡುವುದಿಲ್ಲ.

ಹೆಸರು ಹೇಳಿ ಅಂತೀರಿ. ಮೊದಲು ಗ್ಲಾಕ್ 19 ಹಿಡಿದು ನೋಡಿ. 15 ಗುಂಡು, ಖಾಲಿ ಇದ್ದಾಗ ತೂಕ ಮುಕ್ಕಾಲು ಕೆಜಿಗಿಂತ ಕಡಿಮೆ, ಬೆಲೆ 550-650 ಡಾಲರ್. ಹೆಂಡತಿಯ ಬೆರಳಿಗೆ ಟ್ರಿಗರ್ ದೂರ ಅನ್ನಿಸಿದರೆ ವಾಲ್ಥರ್ ಪಿಡಿಪಿಯ ಎಫ್ ಸರಣಿ ಕೇಳಿ, ಚಿಕ್ಕ ಕೈಗೆಂದೇ ಮಾಡಿದ್ದು. ಸ್ಮಿತ್ ಆ್ಯಂಡ್ ವೆಸನ್ ಎಂ ಆ್ಯಂಡ್ ಪಿ, ಸಿಝಡ್ ಪಿ-10 ಇವೂ ಚೆನ್ನಾಗಿವೆ. ಮೂರ್ನಾಲ್ಕನ್ನು ರೇಂಜಿನಲ್ಲಿ ಬಾಡಿಗೆಗೆ ತಗೊಂಡು ಇಬ್ಬರೂ ಹೊಡೆದು ನೋಡಿ. ಕೈಗೆ ಕೂತದ್ದನ್ನು ಕೊಳ್ಳಿ. ಇವುಗಳ ನಡುವೆ ಇರುವ ವ್ಯತ್ಯಾಸದ ಬಗ್ಗೆ ಯೂಟ್ಯೂಬಿನಲ್ಲಿ ಗಂಟೆಗಟ್ಟಲೆ ಜಗಳ ನಡೆಯುತ್ತದೆ, ನೀವು ಅದಕ್ಕೆ ಸೇರಬೇಡಿ. .410 ಅನ್ನುವ ಶಾಟ್‌ಗನ್ ಕಾರ್ಟ್ರಿಜ್ ಹಾಕುವ ರಿವಾಲ್ವರ್ ಯಾರಾದರೂ ತೋರಿಸಿದರೆ ನಕ್ಕು ಮುಂದೆ ಹೋಗಿ.

ರೇಂಜಿಗೆ ಹೋಗುವಾಗ ಇಬ್ಬರೂ ಕತ್ತು ಮುಚ್ಚುವ ಟೀಶರ್ಟು, ಮುಚ್ಚಿದ ಶೂ ಹಾಕಿಕೊಳ್ಳಿ. ಅಗಲ ಕತ್ತಿನ ಚೂಡಿದಾರ ಬೇಡ. ಪಿಸ್ತೂಲಿನಿಂದ ಹೊರಗೆ ಸಿಡಿಯುವ ಖಾಲಿ ಕೇಸು ಸುಡುವಷ್ಟು ಬಿಸಿ ಇರುತ್ತದೆ. ಅದು ಕತ್ತಿನೊಳಗೆ ಬಿದ್ದರೆ ಹೊಸಬರು ಕೈಲಿ ತುಂಬಿದ ಪಿಸ್ತೂಲಿದೆ ಅನ್ನುವುದನ್ನೇ ಮರೆತು ಕುಣಿಯುತ್ತಾರೆ. ಒಳಾಂಗಣ ರೇಂಜಿನಲ್ಲಿ ಕಿವಿಗೆ ಪ್ಲಗ್ಗೂ ಹಾಕಿ, ಅದರ ಮೇಲೆ ಮಫ್ಸೂ ಹಾಕಿ. ಮನೆಗೆ ಬಂದ ಕೂಡಲೇ ಸೋಪು ಹಾಕಿ ಕೈ ತೊಳೆದು, ಬಟ್ಟೆ ಬದಲಿಸಿ, ಆಮೇಲೆ ಮಕ್ಕಳನ್ನು ಎತ್ತಿಕೊಳ್ಳಿ. ಗುಂಡು ಹಾರಿದಾಗ ಏಳುವ ಹೊಗೆ, ಧೂಳಿನಲ್ಲಿ ಸೀಸ ಇರುತ್ತದೆ.

ಮನೆಗೆ ಹಾಕುವ ಗುಂಡು ಬೇರೆ, ಪ್ರಾಕ್ಟೀಸಿನದು ಬೇರೆ. ಪ್ರಾಕ್ಟೀಸಿನದು ದುಂಡು ಮೂತಿಯದು, ಅಡ್ಡ ಬಂದದ್ದನ್ನು ತೂರಿಕೊಂಡು ಹೋಗುತ್ತದೆ. ಮನೆಗೆ ಹಾಲೋ ಪಾಯಿಂಟ್ ಬೇಕು. ಮೂತಿಯಲ್ಲಿ ಗುಳಿ ಇರುವ ಗುಂಡು, ಮೈಯೊಳಗೆ ಅರಳಿ ನಿಲ್ಲುತ್ತದೆ. ಬೆಲೆ ಜಾಸ್ತಿ, ಒಂದಕ್ಕೆ ಡಾಲರ್ ಹತ್ತಿರ ಅಥವಾ ಮೇಲೆ. ಆದರೆ ಅರಳುವುದು ಮೈಯೊಳಗೆ ಹೋದರೆ ಮಾತ್ರ. ನಿಮ್ಮ ಮನೆಯ ಒಳಗೋಡೆ ಅಂದರೆ ಎರಡು ಅರ್ಧ ಇಂಚಿನ ಜಿಪ್ಸಮ್ ಹಲಗೆ, ನಡುವೆ ಟೊಳ್ಳು. ಊರಿನ ಇಟ್ಟಿಗೆ ಗೋಡೆಯ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಹಾಲೋ ಪಾಯಿಂಟಾದರೂ ಇಂಥ ಎರಡು ಮೂರು ಗೋಡೆ ದಾಟಿ ಹೋಗುತ್ತದೆ.

ಅದಕ್ಕೇ ಒಂದು ಸಂಜೆ ಕೈಲಿ ಏನೂ ಇಲ್ಲದೆ ಮನೆ ಸುತ್ತಿ. ನಿಮ್ಮ ಮಲಗುವ ಕೋಣೆಯ ಬಾಗಿಲಲ್ಲಿ ನಿಂತು ಮೆಟ್ಟಿಲ ಕಡೆ ಕೈ ಚಾಚಿ. ಆ ಗೆರೆಯ ಆಚೆ ಯಾರ ಮಂಚ ಇದೆ? ಮಕ್ಕಳ ಕೋಣೆ ಎದುರಿಗಿದ್ದರೆ ಎಲ್ಲಿ ನಿಂತರೆ ಗುರಿಯ ಹಿಂದೆ ಮಕ್ಕಳು ಬರುವುದಿಲ್ಲ? ಮಂಚ ಬೇರೆ ಗೋಡೆಗೆ ಸರಿಸಿದರೆ ಆಗುತ್ತದಾ? ಇದನ್ನು ರಾತ್ರಿ ಎರಡು ಗಂಟೆಗೆ ನಿದ್ದೆಗಣ್ಣಲ್ಲಿ ಯೋಚಿಸಲು ಆಗುವುದಿಲ್ಲ.

ಲೈಟು ಬೇಕೇ ಬೇಕು. ಕತ್ತಲಲ್ಲಿ ಕಾಣುವುದು ಆಕಾರ, ಮುಖ ಅಲ್ಲ. 1992ರಲ್ಲಿ ಲೂಸಿಯಾನಾದ ಬ್ಯಾಟನ್ ರೂಜ್‌ನಲ್ಲಿ ಜಪಾನಿನಿಂದ ಓದಲು ಬಂದ 16 ವರ್ಷದ ಹುಡುಗ ಹ್ಯಾಲೋವೀನ್ ಪಾರ್ಟಿಗೆ ಹೋಗುವಾಗ ವಿಳಾಸ ತಪ್ಪಿ ಬೇರೆ ಮನೆಯ ಕರೆಗಂಟೆ ಒತ್ತಿದ. ಮನೆಯವನು ಗುಂಡು ಹೊಡೆದ, ಹುಡುಗ ಸತ್ತ. ಕ್ರಿಮಿನಲ್ ಕೇಸಿನಲ್ಲಿ ಅವನು ಬಿಡುಗಡೆ ಆದ, ಸಿವಿಲ್ ಕೋರ್ಟು 6,50,000 ಡಾಲರ್ ಪರಿಹಾರ ಹಾಕಿತು. 2023ರಲ್ಲಿ ಕ್ಯಾನ್ಸಸ್ ಸಿಟಿಯಲ್ಲೂ ಹೀಗೇ, ತಮ್ಮಂದಿರನ್ನು ಕರೆತರಲು ಹೋದ 16ರ ಹುಡುಗ ತಪ್ಪು ಮನೆಗೆ ಹೋಗಿ ಗುಂಡು ತಿಂದ, ಪುಣ್ಯಕ್ಕೆ ಬದುಕಿದ. ನಿಮ್ಮ ಮನೆಯಲ್ಲಿ ಇನ್ನೊಂದು ಅಪಾಯ ಇದೆ. ಶಿವಮೊಗ್ಗದಿಂದ ಬಂದ ಅಪ್ಪನಿಗೆ ಮೊದಲ ಹತ್ತು ದಿನ ಜೆಟ್‌ಲ್ಯಾಗ್. ರಾತ್ರಿ ಮೂರಕ್ಕೆ ಎದ್ದು, ಯಾರಿಗೂ ತೊಂದರೆ ಬೇಡ ಅಂತ ಲೈಟು ಹಾಕದೆ, ಅಡುಗೆಮನೆಯಲ್ಲಿ ಕಾಫಿಪುಡಿ ಡಬ್ಬ ಹುಡುಕುತ್ತಾರೆ. ಮೇಲೆ ಮಲಗಿದವರಿಗೆ ಕೆಳಗೆ ಯಾರೋ ಪಾತ್ರೆ ಸರಿಸಿದ ಸದ್ದು. ಹಜಾರದಲ್ಲಿ, ಮೆಟ್ಟಿಲಲ್ಲಿ, ಅಡುಗೆಮನೆಯಲ್ಲಿ ಅಲುಗಾಡಿದರೆ ತಾನೇ ಹೊತ್ತಿಕೊಳ್ಳುವ ಪುಟ್ಟ ದೀಪ ಹಾಕಿಸಿ. ಸದ್ದು ಕೇಳಿದರೆ ಮೊದಲು ಅಪ್ಪ-ಅಮ್ಮನ ಕೋಣೆಗೆ ಫೋನ್ ಮಾಡಿ, ಇಲ್ಲವೇ ಗಟ್ಟಿಯಾಗಿ ಕನ್ನಡದಲ್ಲೇ ಕೂಗಿ ಕೇಳಿ. ಕನ್ನಡದಲ್ಲಿ ಉತ್ತರ ಬಂದರೆ ಮತ್ತೆ ಮಲಗಿ.

ಪಿಸ್ತೂಲಿಗೇ ಸಿಗಿಸುವ ಲೈಟು ಸಿಗುತ್ತದೆ, ಸ್ಟ್ರೀಮ್‌ಲೈಟ್ ಕಂಪನಿಯದು ಚೆನ್ನಾಗಿದೆ. ಜೊತೆಗೆ ಕೈಲಿ ಹಿಡಿಯುವ ಟಾರ್ಚೂ ಇರಲಿ. ಬರೀ ಪಿಸ್ತೂಲಿನ ಲೈಟನ್ನೇ ನೆಚ್ಚಿದರೆ ಏನನ್ನು ನೋಡಬೇಕಾದರೂ ಅದರ ಕಡೆ ಗನ್ ತಿರುಗಿಸಬೇಕಾಗುತ್ತದೆ. ಅದು ನಿಮ್ಮ ಮಗನೂ ಆಗಿರಬಹುದು.

ಪಿಸ್ತೂಲು ಇಡುವ ಪೆಟ್ಟಿಗೆಯನ್ನು ಪಿಸ್ತೂಲಿಗಿಂತ ಮೊದಲು ಕೊಳ್ಳಿ. ಬೀರುವಿನ ಮೇಲಿನ ಅಟ್ಟ, ಸೀರೆಗಳ ಮಡಿಕೆ, ದಿಂಬಿನ ಕೆಳಗೆ ಇವೆಲ್ಲ ಜಾಗವೇ ಅಲ್ಲ. ನಾಲ್ಕು ವರ್ಷದ ಮಗು ಕುರ್ಚಿ ಎಳೆದುಕೊಂಡು ಎಲ್ಲಿಗೆ ಬೇಕಾದರೂ ಹತ್ತುತ್ತದೆ. ಟೆಕ್ಸಾಸಿನಲ್ಲಿ ಅಜಾಗರೂಕತೆಯಿಂದ ಇಟ್ಟ ತುಂಬಿದ ಗನ್ 17 ವರ್ಷದ ಒಳಗಿನ ಮಕ್ಕಳ ಕೈಗೆ ಸಿಕ್ಕರೆ ಅದೇ ಅಪರಾಧ. ಬೆರಳಚ್ಚಿನಿಂದ ತೆರೆಯುವ ಅಗ್ಗದ ಪೆಟ್ಟಿಗೆಗಳನ್ನು ನಾನು ಒಪ್ಪುವುದಿಲ್ಲ. 2023-24ರಲ್ಲಿ ಅಂಥ ಹಲವು ಕಂಪನಿಗಳ ಪೆಟ್ಟಿಗೆಗಳನ್ನು ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ವಾಪಸ್ ಕರೆಸಿತು, ನೋಂದಾಯಿಸದ ಬೆರಳಿಗೂ ತೆರೆದುಕೊಳ್ಳುತ್ತಿದ್ದವು. ಒಂದು ಪ್ರಕರಣದಲ್ಲಿ 12 ವರ್ಷದ ಹುಡುಗ ಸತ್ತಿದ್ದ. ಬ್ಯಾಟರಿ ಬೇಡದ, ಐದು ಗುಂಡಿ ಒತ್ತಿ ತೆರೆಯುವ ಸಿಂಪ್ಲೆಕ್ಸ್ ಬೀಗದ ದಪ್ಪ ಉಕ್ಕಿನ ಪೆಟ್ಟಿಗೆ ತಗೊಳ್ಳಿ. 250-300 ಡಾಲರ್ ಆಗುತ್ತದೆ. ಗೋಡೆಯ ಕಂಬಕ್ಕೋ ಮಂಚದ ಪಕ್ಕದ ಭಾರದ ಕಪಾಟಿಗೋ ಬೋಲ್ಟ್ ಹಾಕಿ ಕೂರಿಸಿ. ಕತ್ತಲಲ್ಲಿ ಬೆರಳಿನ ಸ್ಪರ್ಶದಿಂದಲೇ ತೆರೆಯಲು ಇಬ್ಬರೂ ರೂಢಿ ಮಾಡಿಕೊಳ್ಳಿ. ಮಕ್ಕಳ ಹುಟ್ಟಿದ ತಾರೀಖನ್ನು ಕೋಡ್ ಮಾಡಬೇಡಿ, 9 ವರ್ಷದವನಿಗೆ ಅದು ಮೊದಲ ಊಹೆ. ಕಲಿತು ಕೈ ಪಳಗುವ ತನಕ ಮ್ಯಾಗಜೀನ್ ತುಂಬಿರಲಿ, ನಳಿಕೆ ಖಾಲಿ ಇರಲಿ.

ತಾತನ ಕೋವಿ ಹೊಡೆದ ಅನುಭವದಿಂದ ಒಂದು ಉಪಯೋಗ ಇದೆ, ಸದ್ದಿಗೆ ಬೆಚ್ಚುವುದಿಲ್ಲ. ಉಳಿದದ್ದು ಹೊಸದಾಗಿ ಕಲಿಯಬೇಕು. ಗದ್ದೆಗೆ ಬರುವ ಹಂದಿ ಓಡಿಸಲು ಉದ್ದ ನಳಿಕೆಯ ಕೋವಿ ಭುಜಕ್ಕಾನಿಸಿ ಹೊಡೆದವರು ಪಿಸ್ತೂಲನ್ನು ಕೈಲಿ ಹಿಡಿದು ಪಕ್ಕದವರ ಜೊತೆ ಮಾತಾಡಲು ತಿರುಗಿದರೆ ನಳಿಕೆಯೂ ತಿರುಗುತ್ತದೆ. ರೇಂಜಿನಲ್ಲಿ ನಾನು ಜಾಸ್ತಿ ಕೂಗುವುದು ಇದಕ್ಕೇ. ಊರಲ್ಲಿ ಚುನಾವಣೆ ಬಂದರೆ ಕೋವಿಯನ್ನು ಠಾಣೆಗೆ ಒಪ್ಪಿಸಬೇಕು. ಇಲ್ಲಿ ಯಾರೂ ಬಂದು ಕೇಳುವುದಿಲ್ಲ, ನಿಮ್ಮ ಶಿಸ್ತು ನಿಮ್ಮದೇ. ಟೆಕ್ಸಾಸಿನಲ್ಲಿ ಮನೆಯಲ್ಲಿಟ್ಟುಕೊಳ್ಳಲು ಲೈಸೆನ್ಸ್ ಬೇಡ. ಆದರೂ ಪಿಸ್ತೂಲನ್ನು ಹೊರಗೆ ಒಯ್ಯಲು ಕೊಡುವ ಎಲ್‌ಟಿಸಿ ಲೈಸೆನ್ಸಿನ ಕ್ಲಾಸಿಗೆ ಇಬ್ಬರೂ ಹೋಗಿ. ನಾಲ್ಕರಿಂದ ಆರು ಗಂಟೆಯ ಪಾಠ, ಯಾವಾಗ ಗುಂಡು ಹೊಡೆಯಬಹುದು, ಯಾವಾಗ ಹೊಡೆದರೆ ಜೈಲು ಅನ್ನುವುದು ಅದರಲ್ಲಿ ಬರುತ್ತದೆ. ಟೆಕ್ಸಾಸಿನ ಕಾನೂನು ಕೆಲವು ಸಂದರ್ಭಗಳಲ್ಲಿ ಆಸ್ತಿ ಉಳಿಸಿಕೊಳ್ಳಲೂ ಗುಂಡು ಹೊಡೆಯಲು ಬಿಡುತ್ತದೆ ಅಂತ ಹೆಮ್ಮೆಯಿಂದ ಹೇಳುವವರು ಸಿಗುತ್ತಾರೆ. ಆ ಕೇಸು ನಡೆಸುವುದು ಅವರಲ್ಲ. ಟೀವಿ ಹೊತ್ತುಕೊಂಡು ಓಡುವವನು ಓಡಲಿ.

ಯಾರಾದರೂ ನಿಜವಾಗಿ ನುಗ್ಗಿದರೆ ನೀವು ಮೆಟ್ಟಿಲಿಳಿದು ಹುಡುಕಲು ಹೋಗಬೇಡಿ. ಮಕ್ಕಳನ್ನು ಒಂದು ಕೋಣೆಗೆ ಸೇರಿಸಿ, ಬಾಗಿಲು ಹಾಕಿ, ಹೆಂಡತಿ 911ಕ್ಕೆ ಫೋನ್ ಮಾಡಿ ಸ್ಪೀಕರಿನಲ್ಲಿಡಲಿ. ವಿಳಾಸ, ಮನೆಯಲ್ಲಿ ಎಷ್ಟು ಜನ, ಯಾರ ಕೈಲಿ ಗನ್ ಇದೆ, ಅವರು ಯಾವ ಬಣ್ಣದ ಬಟ್ಟೆ ಹಾಕಿದ್ದಾರೆ, ಇಷ್ಟೂ ಹೇಳಲಿ. ಪೊಲೀಸರು ಒಳಗೆ ಬರುವ ಹೊತ್ತಿಗೆ ನಿಮ್ಮ ಕೈ ಖಾಲಿ ಇರಬೇಕು. ಅಪ್ಪ-ಅಮ್ಮನಿಗೆ ಇಂಗ್ಲಿಷ್ ಆದೇಶ ಅರ್ಥವಾಗದಿರಬಹುದು. ಸದ್ದಾದರೆ ಕೋಣೆಯಲ್ಲೇ ಇರಿ, ಪೊಲೀಸರು ಬಂದರೆ ಎರಡೂ ಕೈ ಕಾಣುವ ಹಾಗೆ ಎತ್ತಿ ಅಂತ ಬಂದ ಮೊದಲ ವಾರವೇ ಹೇಳಿಕೊಡಿ.

ಕೊನೆಗೆ, ನೀವು ಕೇಳದ ಒಂದು ವಿಷಯ. ಡಿಸೆಂಬರಿನಲ್ಲಿ ಎಲ್ಲರೂ ಊರಿಗೆ ಹೊರಟಾಗ ಪಿಸ್ತೂಲು ಏನು ಮಾಡುವುದು? ಮಂಚದ ಪಕ್ಕದ ಪುಟ್ಟ ಪೆಟ್ಟಿಗೆಯಲ್ಲಿ ತಿಂಗಳುಗಟ್ಟಲೆ ಬಿಡಬೇಡಿ. ಅದು ಮಕ್ಕಳ ಕೈ ತಡೆಯುತ್ತದೆ, ಹಾರೆಕೋಲು ತಂದ ಕಳ್ಳನನ್ನಲ್ಲ. ಕೆಲವು ಗನ್ ಅಂಗಡಿಗಳು ಬಾಡಿಗೆಗೆ ಇಟ್ಟುಕೊಳ್ಳುತ್ತವೆ, ಕೇಳಿ ನೋಡಿ. ಪಕ್ಕದ ಬೀದಿಯ ಎಚ್-1ಬಿ ಗೆಳೆಯರ ಮನೆಯಲ್ಲಂತೂ ಇಡಬೇಡಿ. ರೇಂಜಿಗೆ ಒಯ್ಯುವ ಬ್ಯಾಗನ್ನು ಅದೊಂದೇ ಕೆಲಸಕ್ಕೆ ಮೀಸಲಿಡಿ. ಅದೇ ಬ್ಯಾಗಿಗೆ ಮಕ್ಕಳ ಸ್ವೆಟರ್ ತುಂಬಿಕೊಂಡು ವಿಮಾನ ಹತ್ತಿ, ಮೂಲೆಯ ಹೊಲಿಗೆಯಲ್ಲಿ ಒಂದೇ ಒಂದು 9 ಎಂಎಂ ಗುಂಡು ಉಳಿದಿದ್ದರೂ ಭಾರತದ ವಿಮಾನ ನಿಲ್ದಾಣದ ಸ್ಕ್ಯಾನರಿನಲ್ಲಿ ಕಾಣುತ್ತದೆ. ಗನ್ ಇಲ್ಲದೆ ಬರೀ ಗುಂಡಿದ್ದರೂ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಕೇಸು ಹಾಕುತ್ತಾರೆ. ರಜೆಯೆಲ್ಲ ಠಾಣೆ, ವಕೀಲರು ಅಂತ ಕಳೆಯಬೇಕಾಗುತ್ತದೆ.